ಪಂಚಮಿಯ ಬಟರ್‌ಸ್ಕಾಚ್

ರಾಯಾಪುರ
೧೩ ಜುಲೈ ೨೦೨೫, ಭಾನುವಾರ

ಅಕ್ಕ,

ಇವತ್ತು ಬೆಳಿಗ್ಗೆ ಅಪ್ಪ ಚಹಾಕ್ಕೆ ಎರಡು ಕಪ್ಪು ಇಟ್ಟ. ಆಮೇಲೆ ಕಪಾಟಿನಿಂದ ಮೂರನೆಯದೊಂದನ್ನು ತೆಗೆದು, ಒಳಗೆ ಊದಿ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತು, ಮತ್ತೆ ಅಲ್ಲೇ ಇಟ್ಟುಬಿಟ್ಟ. ನಾನು ಬಾಗಿಲಲ್ಲಿ ನಿಂತಿದ್ದನ್ನು ನೋಡಲಿಲ್ಲ. ಅದು ಅವ್ವನ ಕಪ್ಪಲ್ಲ. ಅವ್ವನದು ಹಿಡಿಕೆ ಮುರಿದದ್ದು, ಮೇಲಿನ ಹಲಗೆಯಲ್ಲಿ ಹಾಗೇ ಇದೆ.

ಮೂರನೆಯ ಕಪ್ಪು ಯಾರಿಗೆ ಎಂದು ನಾನು ಕೇಳಲಿಲ್ಲ. ಸಂಜೆ ನಿರುಪಮಾ ಅವರು ಬಂದರು. ಜೂನ್‌ನಲ್ಲಿ ಅಪ್ಪ ಮದುವೆಯಾಗುತ್ತೇನೆಂದು ನಿನಗೆ ಫೋನಿನಲ್ಲಿ ಹೇಳಿದ್ದು ಇವರನ್ನೇ. ಮನೆಗೆ ಬಂದದ್ದು ಇದೇ ಮೊದಲು. ಎತ್ತರ ಇದ್ದಾರೆ. ನೀರಿನ ಬಾಟಲಿ ತಾವೇ ತಂದಿದ್ದರು. ಹುಬ್ಬಳ್ಳಿಯ ಯಾವುದೋ ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್, ಮನೆ ಧಾರವಾಡ, ಮದುವೆ ಆಗಿಲ್ಲ. ಅಪ್ಪ ಗೋಕುಲ ರಸ್ತೆಯ ಕೆಲಸ ಮುಗಿಸಿ ಬರುವ ಧಾರವಾಡದ ಚಿಗರಿ ಬಸ್ಸಿನಲ್ಲೇ ಅವರೂ ಬರುತ್ತಾರೆ. ಹೋದ ವರ್ಷ ಅಪ್ಪ ಎಷ್ಟೋ ಸಂಜೆ ತಡವಾಗಿ ಬಂದು ‘ಬಸ್ಸು ತುಂಬಿತ್ತು’ ಎನ್ನುತ್ತಿದ್ದ. ಬಸ್ಸು ತುಂಬಿದ್ದು ನಿಜವಿರಬಹುದು. ಅವನು ರಾಯಾಪುರದಲ್ಲಿ ಇಳಿಯದೆ ಧಾರವಾಡದವರೆಗೆ ಹೋಗಿ ವಾಪಸು ಬರುತ್ತಿದ್ದ, ಅಷ್ಟೆ.

ಈ ಸುದ್ದಿ ನಿನಗೆ ಬೇಕಿಲ್ಲ ಎಂದು ಗೊತ್ತು. ನೀನು ನಮ್ಮಿಬ್ಬರ ನಂಬರನ್ನೂ ಬ್ಲಾಕ್ ಮಾಡಿದ ಮೇಲೆ ನನಗೆ ಒಂಥರಾ ಸಮಾಧಾನವೇ ಆಯಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಬರುತ್ತಾರೆಂದು ನಿನ್ನೆ ಅಟ್ಟ ಸ್ವಚ್ಛ ಮಾಡಿದೆ. ಅವ್ವನ ದಪ್ಪ ತಳದ ಬೋಗುಣಿ ಸಿಕ್ಕಿತು. ಪಂಚಮಿಗೆ ಉಂಡಿಗಳ ಜೊತೆ ಬಟರ್‌ಸ್ಕಾಚ್ ಮಿಠಾಯಿ ಮಾಡುತ್ತಿದ್ದಳಲ್ಲ, ಅದರಲ್ಲೇ. ಅಪ್ಪ ಆಗ ಪೆಪ್ಪರ್‌ಮಿಂಟ್ ಫ್ಯಾಕ್ಟರಿಯಿಂದ ಒಡೆದ ಚೂರುಗಳನ್ನು ತರುತ್ತಿದ್ದ; ಅವು ಎಸೆನ್ಸ್ ನಾರುತ್ತವೆ ಎಂದು ಅವ್ವ ಮನೆಯಲ್ಲೇ ಮಾಡಲು ಹಿಡಿದಳೆಂದು ನಾವು ಕೇಳಿದ್ದು. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರುತ್ತಿರಲಿಲ್ಲ. ಅವ್ವ ಹೋದ ಮೇಲೆ ನಾಲ್ಕು ಪಂಚಮಿ ಅದಿಲ್ಲದೇ ಆದವು.

ಈ ಸಲ ಮಾಡೋಣ ಅನ್ನಿಸಿದೆ. ಹೇಗೆ ಮಾಡುತ್ತಿದ್ದಳು? ನೀನು ದೊಡ್ಡವಳು, ನಿನಗೆ ನೆನಪಿರಬೇಕು. ಪಂಚಮಿಗೆ ನೀನು ಬಂದರೆ ಬರೆಯುವ ಕೆಲಸವೂ ಇಲ್ಲ.

ನಿನ್ನ
ಗೀತಾಂಜಲಿ


ನವನಗರ, ಬಾಗಲಕೋಟೆ
೨೧ ಜುಲೈ

ಗೀತಾ,

ಸಾಲ್ಯಾಗ ಹುಡುಗರಿಗೆ ದಿನಾ ಶುದ್ಧ ಬರಿಯೋದ ಕಲಿಸಿ ಸಾಕಾಗೈತಿ. ನಿನಗ ಮಾತಾಡಿದಂಗ ಬರೀತೇನಿ, ಎಂ.ಎ. ಮಾಡಿದಾಕಿ ನೀ ತಪ್ಪ ಹುಡುಕಬ್ಯಾಡ.

ಕಪ್ಪಿನ ಸುದ್ದಿ ಇಷ್ಟುದ್ದ ಬರದಿ. ಆ ಹೆಣ್ಮಗಳು ಎಲ್ಲಿ ಕುಂತ್ಲು ಅಂತ ಬರಿಲಿಲ್ಲ. ಅವ್ವನ ಕುರ್ಚಿ ಮ್ಯಾಲೇನು?

ದುರ್ಗೇಶಗ ಪತ್ರ ಓದಿ ಹೇಳಿದೆ. ‘ನಾವು ಮೂರು ಮಂದಿ ಹಿರಿಯಾರನ್ನ ಕಟಗೊಂಡು ನಿನ್ನ ಹೆಣ್ಣ ನೋಡಾಕ ಬಂದ್ವಿ, ನಿಮ್ಮಪ್ಪ ಬಸ್ಸಿನ್ಯಾಗ ಕುಂತಲ್ಲೇ ನೋಡಿ ಮುಗಿಸ್ಯಾನ, ಶಾಣ್ಯಾ ಅದಾನ’ ಅಂತ ನಕ್ಕ. ಅವತ್ತ ಅವಗ ತಂಗಳ ರೊಟ್ಟಿ ಹಾಕಿದೆ.

ಬಟರ್‌ಸ್ಕಾಚಿಗೆ ಏನ್ ಐತಿ ಗುಟ್ಟು? ಸಕ್ಕರಿ, ಬೆಣ್ಣಿ, ಚೂರು ಉಪ್ಪು. ಕುದಿಯಾಕ ಹತ್ತಿದ ಕೂಡಲೇ ‘ಸಿಡೀತೈತಿ, ಹೊರಗ ನಡೀರಿ’ ಅಂತ ನಮ್ಮನ್ನ ಹಿತ್ತಲಕ್ಕ ಅಟ್ಟಿ ಚಿಲಕಾ ಹಾಕತಿದ್ಲು. ನಾವು ಕಟ್ಟಿ ಮ್ಯಾಲೆ ಕುಂತಿರ್ತಿದ್ವಿ. ಒಳಗ ಅವ್ವನ ಕೈಬಳಿ ಸದ್ದು ಕೇಳತಿತ್ತಲ್ಲ, ನೆನಪೈತಿಲ್ಲೊ? ಗಲ್ ಗಲ್ ಅಂತ ಒಂದ್ ಸಮನ, ಒಂದ್ ಗಳಿಗಿ ನಿಲ್ತಿರಲಿಲ್ಲ. ಅಂದ್ರ ತಿರುವತಾನ ಇರ್ತಿದ್ಲು. ಅದ ಗುಟ್ಟು. ಪೇಢೆದ ಭಟ್ಟಿ ಮುಂದ ಕುಂತಾರು ಹೆಂಗ ಕೈ ಬಿಡಂಗಿಲ್ಲೋ ಹಂಗ. ಕೈ ನಿಂತ್ರ ಕೆಟ್ಟಿತು.

ಆಮ್ಯಾಲೆ ಚಿಲಕಾ ತಗದು ‘ಏನ್ರಿ’ ಅಂತ ಅಪ್ಪನ್ನ ಕರೀತಿದ್ಲು. ಮೊದಲನೇ ಚೂರು ಅವಗ. ನಮಗ ಅಲ್ಲ. ಅಂವಾ ಬಾಯಾಗ ಹಾಕ್ಕೊಂಡು, ತಲಿ ಒಂಚೂರು ಅಲ್ಲಾಡಿಸಿ, ಹೊರಗ ಹೋಗಿಬಿಡ್ತಿದ್ದ. ‘ಛಲೋ ಆಗೇತಿ’ ಅಂತ ಒಂದ್ ವರ್ಷನಾರ ಅಂದಾನೇನು? ಬೆವತು ನಿಂತಾಕಿ ಮಾರಿ ನೋಡಲಿಲ್ಲ. ಅಂಥಾವಗ ಈಗ ಮಾತಾಡಾಕ ಮಂದಿ ಬೇಕಾಗ್ಯಾರ.

ಪಂಚಮಿಗೆ ನಾ ಬರಂಗಿಲ್ಲ. ಅಪ್ಪ ಕರಿಯಾಕ ಬಂದ್ರ ಬಾಗಲಾ ತೆಗೆಯಂಗಿಲ್ಲ ಅಂತ ಹೇಳು. ಬ್ಯಾಡ, ಏನೂ ಹೇಳಬ್ಯಾಡ.

ಕಾವೇರಿ


ರಾಯಾಪುರ
೩ ಆಗಸ್ಟ್, ಭಾನುವಾರ

ಅಕ್ಕ,

ಅವರು ಅವ್ವನ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಆ ಕುರ್ಚಿ ಯಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೋದ ಭಾನುವಾರ ಅಪ್ಪ ನಸುಕಿನ ಬಸ್ಸಿಗೆ ಬಾಗಲಕೋಟೆಗೆ ಹೊರಟ. ಶೇಂಗಾ ಉಂಡಿ, ಅಳ್ಳಿಟ್ಟು, ನಿನಗೊಂದು ಸೀರೆ, ಎಲ್ಲ ಚೀಲದಲ್ಲಿತ್ತು. ಸಂಜೆ ಚೀಲದ ಗಂಟು ಬಿಚ್ಚದೆಯೇ ಬಂದ. ‘ಕಾವೇರಿ ಸಾಲಿಗೆ ಹೋಗಿದ್ಲು’ ಎಂದ. ಅವತ್ತು ಭಾನುವಾರ ಎಂದು ನಾನು ನೆನಪಿಸಲಿಲ್ಲ.

ಪಂಚಮಿಯ ದಿನ ಉಡಚವ್ವ ಅತ್ತಿ ಬಂದಳು. ಅಪ್ಪನ ಅಕ್ಕ ಬಂದರೆ ಮನೆ ಹೇಗಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಒಲೆಯ ಮುಂದೆ ಬೋಗುಣಿಯಲ್ಲಿ ಮರದ ಹುಟ್ಟು ತಿರುವುತ್ತ ನಿಂತಿದ್ದೆ. ನೀನು ಹೇಳಿದಂತೆ ಕೈ ನಿಲ್ಲಿಸುವ ಹಾಗಿರಲಿಲ್ಲ, ಅದರಿಂದ ಓಡಿಹೋಗುವ ಹಾಗೂ ಇರಲಿಲ್ಲ. ಎಲ್ಲ ಕೇಳಿಸಿಕೊಂಡೆ.

‘ಗುರುಶಿದ್ದ, ಮಂದಿ ನನ್ನ ನಿಲ್ಲಿಸಿ ಕೇಳಾಕತ್ತಾರ. ಅರವತ್ತು ಹತ್ರ ಬಂದಾವ ಬಾಸಿಂಗಾ ಕಟಗೊಂಡ್ರ ಅದು ಹಣಿ ಮ್ಯಾಲೆ ನಿಲ್ಲಾಕ ನಾಕ ಕೂದಲಾರ ಬೇಕಲ್ಲೋ.’

‘ಬಾಸಿಂಗಾ ಇಲ್ಲಕ್ಕ. ರಿಜಿಸ್ಟರ್ ಮಾಡಸ್ತೇವಿ.’

‘ಆಕಿ ಮನಿ ದೇವರ ಜಗಲಿ ಮ್ಯಾಲೆ ಬುದ್ಧನ ಫೋಟೋ ಐತಂತ?’

‘ಐತಿ. ಛಲೋ ಫೋಟೋ.’

‘ಅಯ್ಯ, ನಾ ಫೋಟೋದ ಚಂದಾ ಕೇಳಿದ್ನೇನು?’

ಅತ್ತಿ ಅಡಿಗೆಮನೆಗೆ ಬಂದು ಬೋಗುಣಿಯಲ್ಲಿ ಇಣುಕಿದಳು. ‘ಇದೇನ ಹಚ್ಚಿಯ? ಉಂಡಿ ಕಟ್ಟೋದ ಬಿಟ್ಟು ಸಕ್ಕರಿ ಹುರಿಯಾಕತ್ತಾಳ. ನಿಮ್ಮ ಮನ್ಯಾಗ ಎಲ್ಲಾರಿಗೂ ತಲಿ ತಿರುಗೇತಿ’ ಎಂದಳು.

ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು. ಪಾಕ ಮೊದಲು ತಿಳಿಯಾಗಿ ಕುದಿಯಿತು. ಬೆಣ್ಣೆ ಹಾಕಿದ ಮೇಲೆ ಬಣ್ಣವೂ ಬಂತು. ನಾನು ತಿರುವುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಹುಟ್ಟು ಭಾರವಾಯಿತು, ಪಾಕ ಮಸುಕಾಯಿತು, ನೋಡನೋಡುತ್ತ ಎಲ್ಲವೂ ಮರಳಾಗಿ ಬೋಗುಣಿಯಲ್ಲಿ ಕೂತಿತು. ಕರಗಿದ ಸಕ್ಕರೆ ಮತ್ತೆ ಸಕ್ಕರೆಯೇ ಆಯಿತು.

ಅಪ್ಪ ಬಂದು ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದು, ಅತ್ತಿಯನ್ನು ನೋಡಿ, ಸುಮ್ಮನಾದ. ಒಂದು ಚಮಚ ಮರಳನ್ನು ತನ್ನ ಚಹಾಕ್ಕೆ ಹಾಕಿಕೊಂಡ. ಅವತ್ತಿನಿಂದ ಚಹಾಕ್ಕೆ ಅದನ್ನೇ ಬಳಸುತ್ತಿದ್ದೇವೆ.

ಎಲ್ಲಿ ತಪ್ಪಿದೆ ಎಂದು ಬರೆ.

ಗೀತಾಂಜಲಿ


ನವನಗರ, ಬಾಗಲಕೋಟೆ
೧೪ ಆಗಸ್ಟ್

ಗೀತಾ,

ಎಲ್ಲೋ ಕೈ ನಿಲ್ಲಿಸಿರ್ತಿ. ಅತ್ತಿ ಮಾತ ಕೇಳಕೋತ ನಿಂತಿದ್ದಿ ಅಂತ ನೀನ ಬರದಿ. ಅಂಗಡಿ ಬೆಣ್ಣಿ ಹಾಕಿದ್ರೂ ಕೆಡತೈತಿ. ಮನೀದು ಕಡದು ಹಾಕು. ಜೋರ ತಿರುವು, ಬಳಿ ಸದ್ದು ಮಾಡಬೇಕು ಹಂಗ ತಿರುವು.

ಅವತ್ತ ನಾ ಮನ್ಯಾಗ ಇದ್ದೆ. ನಿನಗ ಗೊತ್ತಿದ್ದದ್ದ. ಕಿಡಕಿ ಪಡದೆ ಹಿಂದ ನಿಂತಿದ್ದೆ. ಅಂವಾ ಒಂದ್ ಸಲ ಬಾಗಲಾ ಬಡದ. ಆಮ್ಯಾಲೆ ಕಟ್ಟಿ ಮ್ಯಾಲೆ ಕುಂತು, ಚಪ್ಪಲ್ಯಾಗಿನ ಹರಳು ಝಾಡಿಸಿ, ನೀರು ಕುಡದು, ಚೀಲಾ ತಗೊಂಡು ಹೋದ. ಎರಡನೇ ಸಲ ಬಡೀಲಿಲ್ಲ. ಬಡದಿದ್ರ…

ಇರಲಿ. ಸೀರಿ ಯಾವ ಬಣ್ಣದ್ದು?

ಕಾವೇರಿ


ರಾಯಾಪುರ
೧೪ ಸೆಪ್ಟೆಂಬರ್, ಭಾನುವಾರ

ಅಕ್ಕ,

ಸೀರೆ ನೇರಳೆ, ಅಂಚು ಹಳದಿ. ಅಪ್ಪ ತಾನೇ ಆರಿಸಿದ್ದು, ಅದಕ್ಕೇ ಹಾಗಿದೆ. ಕಪಾಟಿನಲ್ಲಿಟ್ಟಿದ್ದೇನೆ.

ಒಂದು ತಿಂಗಳು ಬರೆಯಲಿಲ್ಲ. ಬರೆಯಬೇಕಾದದ್ದನ್ನು ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಅಪ್ಪ ಮತ್ತು ನಿರುಪಮಾ ಅವರು ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟಿದ್ದಾರೆ. ಅಲ್ಲಿನ ಬೋರ್ಡಿಗೆ ಇಬ್ಬರ ಹೆಸರಿನ ನೋಟಿಸ್ ಹಚ್ಚಿದ್ದಾರೆ. ಯಾರ ತಕರಾರೂ ಬರದಿದ್ದರೆ ಅಕ್ಟೋಬರ್ ೧೩ಕ್ಕೆ ಸಹಿ. ಮೂವರು ಸಾಕ್ಷಿ ಬೇಕಂತೆ. ಅವರ ಕಡೆಯಿಂದ ಆರ್ಜೂ ಎಂಬ ಸಹೋದ್ಯೋಗಿ ಬರುತ್ತಾರೆ. ಅಪ್ಪನ ಕಡೆಯಿಂದ ಹುಲಗೇಶ ಕಾಕಾ. ‘ಮೂರನೇದು?’ ಎಂದು ಹುಲಗೇಶ ಕಾಕಾ ನನ್ನ ಎದುರಿಗೇ ಕೇಳಿದ. ‘ನೋಡೂಣು, ಯಾರರ ಸಿಗ್ತಾರ’ ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ನಿರ್ಧರಿಸಿದವರು ಹೇಗೆ ನೋಡುವುದಿಲ್ಲವೋ ಹಾಗೆ.

ಇವತ್ತು ಎರಡನೆಯ ಸಲ ಮಾಡಿದೆ. ಬೆಣ್ಣೆ ಮನೆಯದೇ. ನಿರುಪಮಾ ಅವರು ಬಂದಿದ್ದರು. ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು ‘ನಾ ಒಳಗ ಬರಲೇನು?’ ಎಂದು ಕೇಳಿದರು. ನಾನು ಹೂಂ ಎಂದೆ ಎಂದುಕೊಂಡಿದ್ದೆ, ದನಿ ಹೊರಬಂದಿರಲಿಲ್ಲ. ಅವರು ಅಲ್ಲೇ ನಿಂತಿದ್ದರು. ಕೊನೆಗೆ ಹುಟ್ಟನ್ನು ಅವರ ಕಡೆ ಚಾಚಿದೆ.

ಸರತಿಯ ಮೇಲೆ ತಿರುವಿದೆವು. ಕೈ ಬಿದ್ದುಹೋಗುವಷ್ಟು ತಿರುವಿದೆವು. ನಡುವೆ ಅವರು, ‘ಗೀತಾಂಜಲಿ, ನಿಮ್ಮವ್ವಾರು ಒಬ್ಬರ ಇದನ್ನ ಮಾಡತಿದ್ರಾ?’ ಎಂದರು. ‘ಹೌದ್ರಿ.’ ‘ಹಂಗಾರ ಅವರು ಭಾಳ ಗಟ್ಟಿ ಇದ್ರು.’ ಅವ್ವನ ವಿಷಯ ಇಬ್ಬರೂ ಆಡಿದ್ದು ಅಷ್ಟೆ. ಈ ಸಲ ಮರಳೂ ಆಯಿತು, ಬೆಣ್ಣೆಯೂ ಬೇರೆಯಾಗಿ ಮೇಲೆ ತೇಲಿತು. ಅವರು ಬೋಗುಣಿ ನೋಡಿ, ತಡವಾಗಿ, ಒಬ್ಬರೇ ನಕ್ಕರು. ಅವರ ನಗೆ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ.

ಬೋಗುಣಿ ತಿಕ್ಕಿಟ್ಟು ಹೋದರು. ಅವ್ವ ಬೋರಲು ಹಾಕುತ್ತಿದ್ದ ಜಾಗದಲ್ಲೇ ಬೋರಲು ಹಾಕಿದ್ದಾರೆ. ಅಲ್ಲಿ ಬಿಟ್ಟರೆ ಬೇರೆ ಜಾಗವಿಲ್ಲ, ಅದಕ್ಕೆ ಇರಬಹುದು.

ನೀನು ೧೩ಕ್ಕೆ ಬಾ. ಸಹಿ ಮಾಡಬೇಡ, ಸುಮ್ಮನೆ ಬಾ.

ಗೀತಾಂಜಲಿ


ನವನಗರ, ಬಾಗಲಕೋಟೆ
೨೪ ಸೆಪ್ಟೆಂಬರ್

ಗೀತಾ,

ಅವ್ವನ ಹೆಸರು ಸಂಗವ್ವ. ಬೋರ್ಡಿನ ಮ್ಯಾಲೆ ಅಪ್ಪನ ಹೆಸರಿನ ಮುಂದ ‘ವಿಧುರ’ ಅಂತ ಬರದಿರ್ತಾರ, ಆಕಿ ಹೆಸರು ಬರದಿರಂಗಿಲ್ಲ. ಸತ್ತೂರ ದವಾಖಾನ್ಯಾಗ ಕಡೀ ತಿಂಗಳು ಆಕಿ ಕಡೆ ಕುಂತಾಕಿ ನಾನು. ನಿನಗ ಪರೀಕ್ಷೆ ಇತ್ತು. ಅಪ್ಪಗ ಡ್ಯೂಟಿ ಇತ್ತು. ಆಕಿ ಬಳಿ ತಗದು ನನ್ನ ಕೈಯಾಗ ಕೊಟ್ರು. ಸದ್ದ ಮಾಡೂ ಬಳಿ ಅವು, ಅರಿವ್ಯಾಗ ಸುತ್ತಿ ಇಟ್ಟೇನಿ, ಸದ್ದ ಆಗಬಾರದು ಅಂತ.

ಮೂರನೇ ಸಹಿ ನೀ ಹಾಕತಿ ಅಂತ ನನಗ ಗೊತ್ತಾಗೇತಿ. ನೀ ಬಾಯಿಲೆ ಏನೂ ಹೇಳಂಗಿಲ್ಲ, ಹೋಗಿ ನಿಂತುಬಿಡ್ತಿ. ಸಣ್ಣಾಕಿದ್ದಾಗಿಂದ ಹಂಗ.

ಹಾಕಿದ್ರ ಹಾಕು. ಹಾಕಿದ ಮ್ಯಾಲೆ ನನಗ ಪತ್ರ ಬರೀಬ್ಯಾಡ. ಸಿಟ್ಟಿಲೆ ಬರಿಯಾಕತ್ತಿಲ್ಲ. ನಾಕ ದಿನಾ ವಿಚಾರ ಮಾಡಿ ಬರದೇನಿ.

ಕಾವೇರಿ


ರಾಯಾಪುರ
೧೨ ಅಕ್ಟೋಬರ್, ಭಾನುವಾರ

ಅಕ್ಕ,

ಈ ಪತ್ರದ ಜೊತೆ ಒಂದು ಡಬ್ಬಿ ಇದೆ. ಮೊದಲು ಪತ್ರ ಓದು.

ಇವತ್ತು ಮತ್ತೆ ಮಾಡಿದೆವು. ನಾನು ತಿರುವುತ್ತಿದ್ದೆ, ನಿರುಪಮಾ ಅವರು ಬೆಣ್ಣೆ ಕತ್ತರಿಸುತ್ತಿದ್ದರು. ಅಪ್ಪ ಪೇಪರು ಹಿಡಿದು ಹೊರಗಿನಿಂದ ಬಂದು ಹೊಸ್ತಿಲಲ್ಲಿ ನಿಂತ. ಇಷ್ಟು ದಿನ ನುಂಗಿಕೊಂಡದ್ದನ್ನು ಒಮ್ಮೆಲೇ ಅಂದುಬಿಟ್ಟವನಂತೆ, ‘ಹುಟ್ಟು ಹೊರಗ ತಗೀರಿ’ ಎಂದ.

‘ಕೈ ಬಿಟ್ರ ಕೆಡತೈತಪ್ಪ.’

‘ಕೈ ಬಿಡದಿದ್ದಕ್ಕ ಕೆಟ್ಟೈತಿ ಎರಡೂ ಸಲ. ಸಕ್ಕರಿ ಕರಗೂತನಾ ಅಷ್ಟ ತಿರುವೂದು. ಕರಗಿದ ಮ್ಯಾಲೆ ಅದನ್ನ ಮುಟ್ಟಬಾರದು. ಅದರ ಪಾಡಿಗೆ ಬಿಡಬೇಕು.’

‘ಅವ್ವನ ಬಳಿ ನಿಲ್ತಿರಲಿಲ್ಲಲ್ಲ? ನಾನೂ ಅಕ್ಕನೂ ಹಿತ್ತಲದಾಗ ಕುಂತು ಕೇಳತಿದ್ವಿ.’

ಅಪ್ಪ ನನ್ನನ್ನು ನೋಡಿದ. ಆಮೇಲೆ ನಕ್ಕ. ಬಾಯಿಗೆ ಪೇಪರು ಅಡ್ಡ ಹಿಡಿದು ನಕ್ಕ. ‘ಆಕಿ ಪಾಕಾ ತಿರುವತಿದ್ದಿಲ್ಲ, ಹುಚ್ಚಿ. ಬೋಗುಣಿ ಗೋಡಿ ಒರಸತಿದ್ಲು. ಚಮಚಕ್ಕ ಹಸಿ ಅರಿವಿ ಕಟಗೊಂಡು, ಸುತ್ತಲೂ, ಮತ್ತ ಮತ್ತ. ಗೋಡಿಗೆ ಹತ್ತಿದ ಸಕ್ಕರಿ ಒಂದ್ ಹರಳು ಒಳಗ ಬಿದ್ರ ಅಷ್ಟೂ ಮರಳ ಆಕೈತಿ.’

‘ನಿನಗ ಹೆಂಗ ಗೊತ್ತು?’

‘ನಾನ ಹೇಳಿಕೊಟ್ಟದ್ದು.’

ನಾವು ಹುಟ್ಟುವುದಕ್ಕೆ ಮುಂಚೆ ತಾನು ಫ್ಯಾಕ್ಟರಿಯಲ್ಲಿ ಪಾಕದ ಕಡಾಯಿಯ ಮೇಲಿದ್ದೆ ಎಂದ. ಪ್ಯಾಕಿಂಗಿಗೆ ಹಾಕಿದ್ದು ಆಮೇಲೆ. ನಮಗೆ ಗೊತ್ತಿದ್ದದ್ದು ಪ್ಯಾಕಿಂಗಿನ ಅಪ್ಪ ಮಾತ್ರ. ಮದುವೆಯಾದ ವರ್ಷ ಅವ್ವ ಒಮ್ಮೆ ಅವನ ಮಾತು ಕೇಳದೆ ತಿರುವಿ ತಿರುವಿ ಮರಳು ಮಾಡಿದ್ದಳಂತೆ. ‘ಸರೀ ಹೇಳಲಿಲ್ಲ ಅಂತ ನನಗ ಬೈದು, ಎರಡ ದಿನಾ ಮಾತ ಬಿಟ್ಟಿದ್ಲು. ನಿನ್ನಂಗಲ್ಲ, ಕಾವೇರಿಯಂಗ ಆಕಿ.’

ಮೊದಲ ಚೂರಿನ ಬಗ್ಗೆ ಕೇಳಿದೆ. ನನಗಾಗಿ ಅಲ್ಲ, ನಿನಗಾಗಿ ಕೇಳಿದೆ. ಅದು ತಟ್ಟೆಯದಲ್ಲ, ತಣ್ಣೀರಿಗೆ ಬಿಟ್ಟು ತೆಗೆದ ಪಾಕದ ಹನಿ ಎಂದ. ಹಲ್ಲಿಗೆ ಅಂಟಿದರೆ ಇನ್ನೂ ಕುದಿಯಬೇಕು, ಕಟ್ ಎಂದರೆ ಆಯಿತು. ‘ಬಾಯಾಗ ಇಟಗೊಂಡು ಮಾತಾಡಾಕ ಬರಂಗಿಲ್ಲ. ತಲಿ ಅಲ್ಲಾಡಿಸಿದೆ ಅಂದ್ರ ಆಕಿ ಒಲಿ ಆರಸತಿದ್ಲು. ಒಂದ್ ಗಳಿಗಿ ತಡಾ ಆದ್ರ ಕರಕಾಗ್ತೈತಿ.’

‘ಆಮ್ಯಾಲೆ ಛಲೋ ಆಗೇತಿ ಅಂತ ಯಾಕ ಅಂತಿದ್ದಿಲ್ಲಪ್ಪ?’

ಅವನು ಪೇಪರನ್ನು ನಾಲ್ಕು ಮಡಿಕೆ ಮಾಡಿದ. ‘ಅನ್ನಬೇಕಿತ್ತು’ ಎಂದ.

ಇದನ್ನು ಹೇಗೆ ಹೇಳಿದನೋ ಹಾಗೇ ಬರೆದಿದ್ದೇನೆ, ಹೆಚ್ಚು ಮಾಡಿಲ್ಲ.

ನಿರುಪಮಾ ಅವರು ಈ ಹೊತ್ತಿಗೆ ಚಮಚಕ್ಕೆ ಅರಿವೆ ಕಟ್ಟಿ ಆಗಿತ್ತು. ಮರಳಾಗಲು ಹೊರಟಿದ್ದನ್ನು ಅಪ್ಪ ಚೆಲ್ಲಿಸಿದ. ಹೊಸ ಸಕ್ಕರೆ, ನೀರು, ನಾಲ್ಕು ಹನಿ ಲಿಂಬೆ. ಕರಗಿದ ಮೇಲೆ ಹುಟ್ಟನ್ನು ತೊಳೆದು ದೂರ ಇಟ್ಟೆ. ಅವರು ಬೋಗುಣಿಯ ಒಳಗೋಡೆಯನ್ನು ಸುತ್ತಲೂ ಒರೆಸುತ್ತ ಹೋದರು. ಸದ್ದೇ ಇರಲಿಲ್ಲ. ಯಾಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಅವರು ಬಳೆ ಹಾಕುವುದಿಲ್ಲ, ಎಡಗೈಗೆ ಗಡಿಯಾರ ಮಾತ್ರ. ಆ ನಿಶ್ಶಬ್ದದಲ್ಲಿ ಪಾಕ ಕುದಿಯುವ ಸದ್ದು ಕೇಳಿಸಿತು. ನಾವಿಬ್ಬರೂ ಅದನ್ನು ಯಾವತ್ತೂ ಕೇಳಿಲ್ಲ, ಅಕ್ಕ. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣವು, ಕೊನೆಗೆ ದಪ್ಪಗೆ, ನಿಧಾನ.

ಬಣ್ಣ ಬಂದ ಮೇಲೆ ಬೆಣ್ಣೆ, ಉಪ್ಪು. ಹುಟ್ಟು ಹಾಕಲಿಲ್ಲ, ಬೋಗುಣಿಯನ್ನೇ ಹಿಡಿದು ಸುತ್ತ ಓಲಾಡಿಸಿದೆ. ತಣ್ಣೀರಿಗೆ ಒಂದು ಹನಿ ಬಿಟ್ಟು ತೆಗೆದು ಅಪ್ಪನ ಕಡೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ‘ಈ ಸಲ ನೀ ನೋಡು’ ಎಂದ.

ಬಾಯಿಗೆ ಹಾಕಿಕೊಂಡೆ. ಕಟ್ ಎಂದಿತು. ಮಾತಾಡಲು ಬರಲಿಲ್ಲ, ತಲೆ ಆಡಿಸಿದೆ. ನಿರುಪಮಾ ಅವರು ಗ್ಯಾಸು ಆರಿಸಿದರು.

ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿಯಿರುವಾಗಲೇ ಚಾಕುವಿನಿಂದ ಗೆರೆ ಎಳೆದೆವು. ಆರಿದ ಮೇಲೆ ಗೆರೆಗುಂಟ ಮುರಿಯಿತು. ಬಣ್ಣ ಅವ್ವನದಕ್ಕಿಂತ ಸ್ವಲ್ಪ ಕಪ್ಪು. ಅಪ್ಪ ಒಂದು ತುಂಡು ತಿಂದು, ಬೇಕಾದ್ದಕ್ಕಿಂತ ಜೋರಾಗಿ, ‘ಛಲೋ ಆಗೇತಿ’ ಎಂದ. ನಿರುಪಮಾ ಅವರು ಯಾರಿಗೆ ಹೇಳಿದ್ದು ಎಂದು ಹಿಂದೆ ತಿರುಗಿ ನೋಡಿದರು. ಆಮೇಲೆ, ಎಂದಿನಂತೆ ತಡವಾಗಿ, ನಕ್ಕರು.

ಡಬ್ಬಿಯಲ್ಲಿರುವುದು ಅದರದೇ ಅರ್ಧ. ತಿನ್ನದಿದ್ದರೂ ಕೆಡುವುದಿಲ್ಲ, ಗಾಳಿಯಾಡದಂತೆ ಮುಚ್ಚಿಡು. ಡಬ್ಬಿಯ ಕೆಳಗೆ ಸೀರೆ ಇದೆ. ಬಣ್ಣ ನಿಜವಾಗಿಯೂ ಚೆನ್ನಾಗಿಲ್ಲ.

ಸಹಿ ಹಾಕಿದ ಮೇಲೆ ಬರೆಯಬೇಡ ಎಂದಿದ್ದೀಯ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ನಾಳೆಯಿಂದ ನೀನು ಬರೆಯುವವರೆಗೆ ನಾನು ಬರೆಯುವುದಿಲ್ಲ. ಬಾ ಎಂದೂ ಕರೆಯುವುದಿಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಮೂರನೆಯ ಸಾಕ್ಷಿಗೆಂದು ಪಕ್ಕದ ಮನೆಯ ಸಂಕೇತನನ್ನು ಕೇಳುವುದೋ ಬೇಡವೋ ಎಂದು ಹೊರಗೆ ಕಟ್ಟೆಯ ಮೇಲೆ ಕೂತು ಯೋಚಿಸುತ್ತಿದ್ದಾನೆ. ನಾನು ಆಗಲೇ ಹೋಗಿ ನನ್ನ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಸಿಕೊಂಡು ಬಂದಿದ್ದೇನೆ. ಬೆಳಿಗ್ಗೆ ಅವನು ಬಸ್ಸು ಹತ್ತುವಾಗ ನಾನೂ ಹತ್ತುತ್ತೇನೆ.

ನಿನ್ನ
ಗೀತಾ